ಕೈ ಕಾಯುವಷ್ಟು ಬೆಂಕಿ

“ಗುರುಗಳೇ, ಮುನಿದವರ ಮನಸ್ಸನ್ನು ತಿರುಗಿಸುವುದು ಹೇಗೆ?” ಎಂದು ಶಿಷ್ಯ ಅಡಿವೆಯ್ಯ ಕೇಳಿದ. ಹೊಲ ಪಾಲಾದಾಗಿನಿಂದ ಅವನ ಅಣ್ಣ ಮಾತು ಬಿಟ್ಟಿದ್ದ. ಹಿಂದಿನ ದಿನ ಅಡಿವೆಯ್ಯನೇ ಅಣ್ಣನ ಮನೆಗೆ ಹೋಗಿ, ನ್ಯಾಯ ಅನ್ಯಾಯಗಳನ್ನೆಲ್ಲ ಬಿಡಿಸಿ ಹೇಳಿದ್ದ; ಅಣ್ಣ ಕರಗದ್ದರಿಂದ ಬಂದ ದಾರಿಯಲ್ಲೇ ಮರಳಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಹೆಂಡತಿಯೊಡನೆ ಕಾಡುದಾರಿಯಲ್ಲಿ ಹೋಗುತ್ತಿದ್ದ. ಮಳೆ ಹಿಡಿದಿತ್ತು. ಹಳ್ಳ ದಾಟುವಾಗ ಹೆಂಡತಿ ಕಾಲು ಜಾರಿ ನೀರಿಗೆ ಬಿದ್ದಳು. ಅವಳನ್ನು ದಡಕ್ಕೆಳೆದು ತಂದು, ಮುಂದಕ್ಕೆ ಚಾಚಿಕೊಂಡಿದ್ದ ಬಂಡೆಯ ಕೆಳಗೆ ಕೂರಿಸಿದ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ನಡುಕವೂ ನಿಂತು, ಮಾತು ತೊದಲತೊಡಗಿತು. ಊರು ಇನ್ನೂ ದೂರವಿತ್ತು.

ಅವನ ಸೊಂಟದ ಚೀಲದಲ್ಲಿ ಚಕಮಕಿ ಕಲ್ಲು, ಉಕ್ಕಿನ ತುಂಡು, ನೀರು ತಾಗದಂತೆ ಸುತ್ತಿಟ್ಟ ಒಂದಿಷ್ಟು ಅರಳೆ ಇದ್ದವು. ದೊಡ್ಡ ಬೆಂಕಿಯೇ ಬೇಕೆಂದು ದಪ್ಪ ಕೊರಡುಗಳನ್ನು ಎಳೆತಂದು ಒಟ್ಟಿದ. ಕಿಡಿ ಹೊಡೆದ. ಅರಳೆ ಹೊತ್ತಿತು; ಕೊರಡಿಗೆ ತಗುಲಿಸಿದೊಡನೆ ಆರಿತು. ಮತ್ತೆ ಹೊಡೆದ. ಹೊಗೆ ಬಂದಿತು, ಉರಿ ಬರಲಿಲ್ಲ. ಕೊರಡನ್ನು ಬೈದು ಕಾಲಿನಿಂದ ಒದ್ದ. ಅರಳೆ ಚಿಟಿಕೆಯಷ್ಟು ಉಳಿಯಿತು.

“ಅಷ್ಟು ದೊಡ್ಡ ಬೆಂಕಿ ಯಾಕೆ? ಕೈ ಕಾಯುವಷ್ಟಾದರೆ ಸಾಕು ನನಗೆ,” ಎಂದು ಹೆಂಡತಿ ತೊದಲಿದಳು.

ವ್ಯಾಪಾರಿ ಕೊರಡುಗಳನ್ನು ಬಿಟ್ಟು ಎದ್ದ. ನೆಲಕ್ಕೆ ಬಿದ್ದದ್ದೆಲ್ಲ ನೆನೆದಿತ್ತು. ಮರದಲ್ಲೇ ಒಣಗಿ ನಿಂತಿದ್ದ ಪುಳ್ಳೆಗಳನ್ನು ಮುರಿದು ನೋಡಿದ. ಬಾಗಿದ್ದನ್ನು ಬಿಟ್ಟ, ಚಟ್ಟನೆ ಮುರಿದದ್ದನ್ನು ಕಂಕುಳಲ್ಲಿ ಮರೆಮಾಡಿಕೊಂಡ. ಬಂಡೆಯ ಸಂದಿನಲ್ಲಿ ಇಲಿ ಬಿಟ್ಟುಹೋದ ಗೂಡಿತ್ತು. ಅದರ ಒಣಹುಲ್ಲನ್ನು ಅಂಗೈಯಲ್ಲಿ ಉಜ್ಜಿ ನಾರಿನಂತೆ ಮಾಡಿದ. ಧೂಪದ ಮರದ ತೊಗಟೆಯಲ್ಲಿ ಗಟ್ಟಿಯಾಗಿದ್ದ ಅಂಟನ್ನು ಕೆತ್ತಿ, ಪುಡಿಮಾಡಿ, ಹುಲ್ಲಿನ ಮೇಲೆ ಉದುರಿಸಿದ. ಹೆಂಡತಿಯ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. ಆದರೂ ಅವನು ಅವಸರಪಡಲಿಲ್ಲ.

ಅರಳೆಗೆ ಕಿಡಿ ಹತ್ತಿತು. ಗಾಳಿಗೆ ಬೆನ್ನು ಕೊಟ್ಟು, ಮಗುವಿನ ಕಣ್ಣಿಗೆ ಬಿದ್ದ ಕಸವನ್ನು ಊದುವಂತೆ ಮೆಲ್ಲನೆ ಊದಿದ. ಹುಲ್ಲು ಕೆಂಪಾಯಿತು, ಅಂಟು ಉರಿಯಿತು. ಮೊದಲು ಪೊರಕೆಕಡ್ಡಿಯಷ್ಟು ಸಣ್ಣ ಪುಳ್ಳೆ, ಆಮೇಲೆ ಬೆರಳಿನಷ್ಟು ದಪ್ಪದ್ದು ಇಡುತ್ತಾ ಹೋದ. ಉರಿ ಅಂಗೈಯಗಲವಾದಾಗ ಹೆಂಡತಿಯ ಕೈಗಳನ್ನು ಹಿಡಿದು ಅದರ ಮುಂದೆ ಚಾಚಿದ.

ಸಂಜೆಯ ಹೊತ್ತಿಗೆ ಅವಳು ತಾನೇ ಎದ್ದು ಕೂತು ಸೆರಗನ್ನು ಬೆಂಕಿಗೆ ಹಿಡಿದಳು. ಅಷ್ಟರಲ್ಲಿ ಒದ್ದೆ ಕೊರಡುಗಳೂ ಕಾವಿಗೆ ಒಣಗಿ ಹತ್ತಿಕೊಂಡಿದ್ದವು.

ಗುರುಗಳು ಕತೆ ಮುಗಿಸಿದರು.

“ನಾನು ನಿನ್ನೆ ಅಣ್ಣನಿಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಗುರುಗಳೇ,” ಎಂದ ಅಡಿವೆಯ್ಯ.

“ಇರಲಿಲ್ಲ. ಹೋದೊಡನೆ ಅತ್ತಿಗೆ ನೀರು ಬೆಲ್ಲ ತಂದಿಟ್ಟಿರಬೇಕಲ್ಲ, ಅದನ್ನು ಮುಟ್ಟಿದೆಯಾ?” ಎಂದು ಗುರುಗಳು ಕೇಳಿದರು.

“ಇಲ್ಲ. ಕೊರಡನ್ನೇ ಮೊದಲು ಇಟ್ಟುಬಿಟ್ಟೆ,” ಎಂದು ಅಡಿವೆಯ್ಯ ಎದ್ದು ಅಣ್ಣನ ಮನೆಯ ದಾರಿ ಹಿಡಿದ.