ಚಿಪ್ಪಿಗುಡ್ಡದ ಹಗ್ಗ ಹಿಡಿದ ಅಲೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟ ಮುಟ್ಟಿದರೆ ಅಂಗೈಗೆ ಕೆಮ್ಮಣ್ಣು ಮೆತ್ತುತ್ತಿತ್ತು. ಆಕಾಶಕ್ಕೆ ಬಳಿದ ನೀಲಿ ಒಣಗಿರಲಿಲ್ಲ. ಸ್ವಲ್ಪ ಮೇಲೆ ಹಾರಿದ ಹಕ್ಕಿ ಬೆನ್ನಿಗೆ ನೀಲಿ ಹಚ್ಚಿಕೊಂಡೇ ಇಳಿಯುತ್ತಿತ್ತು. ಸುಳ್ಳು ಅನ್ನುವವರು ಮಿಂಚುಳ್ಳಿಯ ಬೆನ್ನು ನೋಡಿಕೊಂಡು ಬನ್ನಿ.

ಆಗ ನಾನು ಇರಲಿಲ್ಲ. ನನ್ನಲ್ಲಿರುವ ಕೊರತೆ ಅದೊಂದೇ. ಆದರೆ ನನ್ನ ಅಜ್ಜಿಯ ಅಜ್ಜಿಯ ಅಜ್ಜಿ ಇದ್ದಳು. ಹೆಸರು ಮಂಕಾಳಿ. ಅವಳು ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ತೆಂಗಿನಮರದಿಂದ ಕಾಯಿ ಉದುರುತ್ತಿತ್ತು. ನನ್ನ ಗಂಟಲು ಅವಳದ್ದೇ. ಈಗ ಕೆಮ್ಮು ಬಂದು ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ.

ಆ ಕಾಲದಲ್ಲಿ ಕಡಲು ಅಲ್ಲಾಡುತ್ತಿರಲಿಲ್ಲ. ಬಟ್ಟಲಿನಲ್ಲಿಟ್ಟ ಎಣ್ಣೆಯ ಹಾಗೆ ಸುಮ್ಮನೆ ಬಿದ್ದಿತ್ತು. ಅಲೆಗಳು ಇದ್ದವು, ಇಲ್ಲವೆಂದಲ್ಲ. ನಡುಗಡಲಿನಲ್ಲಿ ಮಡಚಿಟ್ಟ ಚಾಪೆಗಳಂತೆ ಒಂದರ ಮೇಲೊಂದು ಮಲಗಿ ಗೊರಕೆ ಹೊಡೆಯುತ್ತಿದ್ದವು. ದಡ ಹೇಗಿರುತ್ತದೆಂದು ಒಂದು ಅಲೆಯೂ ಕಂಡಿರಲಿಲ್ಲ.

ಕಡಲು ಸುಮ್ಮನಿತ್ತು. ಸುಮ್ಮನಿರದಿದ್ದದ್ದು ನಮ್ಮ ಚಿಪ್ಪಿಗುಡ್ಡ.

ಚಿಪ್ಪಿಗುಡ್ಡ ಅಂದರೆ ಕಡಲ ನಡುವಿನ ಪುಟ್ಟ ನಡುಗಡ್ಡೆ. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಸಿಹಿನೀರಿನ ಒರತೆ, ಒರತೆಯ ಮುಂದೆ ಬಿಳಿ ಮರಳಿನ ದಡ, ದಡದ ಮೇಲೆ ನಮ್ಮ ಮೀನುಗಾರರ ನಾಲ್ಕಾರು ಗುಡಿಸಲು. ಇವತ್ತೂ ಅಷ್ಟೇ. ಆದರೆ ಆಗ ಅದು ಕಡಲ ತಳಕ್ಕೆ ಅಂಟಿಕೊಂಡಿರಲಿಲ್ಲ. ನೀರಿಗೆ ಬಿದ್ದ ತೆಂಗಿನಕಾಯಿಯ ಹಾಗೆ ತೇಲುತ್ತಿತ್ತು.

ತೇಲಿದರೆ ತೇಲಲಿ, ಒಂದು ಕಡೆ ತೇಲಬಾರದೇ? ಅದಕ್ಕೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಾದರೆ ಸಾಕು, ಗಾಳಿಯನ್ನು ಕೇಳುತ್ತಿತ್ತು: "ಆಚೆ ಏನಿದೆ? ಆಚೆ ಏನಿದೆ?"

"ಆಚೆ ಬಹಳ ಚೆಂದ ಇದೆ, ಬಾ ಬಾ," ಅನ್ನುತ್ತಿತ್ತು ಗಾಳಿ. ಗಾಳಿಗೆ ಬೇರೆ ಕೆಲಸ ಏನಿದೆ?

ಗುಡ್ಡ ಹೊರಡುತ್ತಿತ್ತು. ಒಲೆಯ ಮೇಲಿನ ಗಂಜಿ ತುಳುಕುತ್ತಿತ್ತು. ಒಣಹಾಕಿದ ಮೀನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಹೋಗುತ್ತಿತ್ತು. ಮಲಗುವಾಗ ಎಡಕ್ಕಿದ್ದ ಸೂರ್ಯ ಏಳುವಾಗ ಎಲ್ಲಿದ್ದಾನೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದೆಲ್ಲ ಹೋಗಲಿ. ದೋಣಿಯ ಕಷ್ಟ ಕೇಳಿ. ಬೆಳಿಗ್ಗೆ ಗಂಡಸರು ದೋಣಿ ಇಳಿಸಿ ಮೀನಿಗೆ ಹೋಗುತ್ತಿದ್ದರು. ಬುಟ್ಟಿ ತುಂಬಿಸಿಕೊಂಡು ತಿರುಗಿ ಬಂದರೆ ಊರೇ ಇಲ್ಲ! ಮೊದಲ ಸಲ ಒಂದು ಬೆಳಗು ಹುಡುಕಿದರು. ಎರಡನೇ ಸಲ ಒಂದು ಹಗಲು ಪೂರ್ತಿ ಹುಡುಕಿದರು. ಮೂರನೇ ಸಲ ಅವರು ದಡ ಮುಟ್ಟುವ ಹೊತ್ತಿಗೆ ದೋಣಿಯಲ್ಲಿದ್ದ ಕೊಡದಲ್ಲಿ ತೊಟ್ಟು ನೀರಿರಲಿಲ್ಲ.

ಮಂಕಾಳಿಯ ಗಂಡ ಜಟ್ಟಪ್ಪನೇ ದೋಣಿಗಳ ಮುಂದಾಳು. ನಾಲ್ಕನೇ ಸಲ ಹೊರಡುವಾಗ ಮಂಕಾಳಿ ಅವನ ಹುಟ್ಟು ಹಿಡಿದು ನಿಲ್ಲಿಸಿದಳು.

"ಇವತ್ತು ಬೇಡ. ಗುಡ್ಡದ ಕಾಲು ತುರಿಸ್ತಾ ಉಂಟು."

"ಮೀನು ತಾನಾಗಿ ಒಲೆಗೆ ಬರ್ತದಾ ಮಾರಾಯ್ತಿ? ನೀನು ಗುಡ್ಡದ ಹತ್ತಿರ ಮಾತಾಡ್ತಾ ಇರು. ನನ್ನ ಹತ್ತಿರ ಮಾತಾಡಿ ಮಾತಾಡಿ ಅಭ್ಯಾಸ ಉಂಟಲ್ಲ," ಅಂದ ಜಟ್ಟಪ್ಪ. ನಕ್ಕ. ಹೋದ.

ಅವನ ದೋಣಿ ಕಣ್ಣಿಗೆ ಮರೆಯಾದದ್ದೇ ತಡ, ಗುಡ್ಡ ಕೇಳಿತು: "ಆಚೆ ಏನಿದೆ?"

"ಬಾ ಬಾ," ಅಂದಿತು ಗಾಳಿ.

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ಮೂರನೇ ದಿನ ಬೆಳಿಗ್ಗೆ ಕಡಲಹದ್ದು ಬಂದು ಗುಡ್ಡದ ತುದಿಯಲ್ಲಿ ಕೂತಿತು.

"ಮಂಕಾಳೀ, ನಿನ್ನ ಗಂಡನನ್ನು ನೋಡಿ ಬಂದೆ. ಗುಡ್ಡ ಮೊದಲು ಇದ್ದ ಜಾಗದಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಾನೆ. ಕೊಡ ಬೋರಲು ಹಾಕಿದ್ದಾರೆ. ನೀರು ಮುಗಿದಿದೆ. ಅವರು ಹುಡುಕುವುದು ಅಲ್ಲಿ, ನೀವು ಹೋಗುವುದು ಇಲ್ಲಿ."

"ನಾವು ಇಲ್ಲಿದ್ದೇವೆ ಅಂತ ಹೇಳಿ ಬಾ!"

"ಹೇಳಿದೆ. ಹೇಳಿ ಬರುವಷ್ಟರಲ್ಲಿ ನಿಮ್ಮ 'ಇಲ್ಲಿ' ಮುಂದಕ್ಕೆ ಹೋಗಿರುತ್ತದೆ. ನಾನು ಯಾವ 'ಇಲ್ಲಿ' ಅಂತ ಹೇಳಲಿ?"

ಮಂಕಾಳಿಯ ಮಗಳು ಹೊಸಬಿ ಅಳಲು ಶುರುಮಾಡಿದಳು. ಅವಳ ಗಂಡನೂ ಆ ದೋಣಿಯಲ್ಲೇ ಇದ್ದ. ಮದುವೆಯಾಗಿ ತಿಂಗಳಾಗಿರಲಿಲ್ಲ.

"ಅಳಬೇಡ ಹೆಣ್ಣೇ, ಮೈಯಲ್ಲಿನ ನೀರು ಉಳಿಸಿಕೋ," ಅಂದಳು ಮಂಕಾಳಿ. "ಓಡುವ ಮೀನನ್ನು ಏನು ಮಾಡ್ತೇವೆ?"

"ಬಲೆ ಹಾಕ್ತೇವೆ ಅಬ್ಬೆ."

"ಓಡುವ ಗುಡ್ಡಕ್ಕೂ ಅದೇ ಮದ್ದು. ರಂಪಣಿ ತೆಗಿ."

ರಂಪಣಿ ಅಂದರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ನಮ್ಮ ರಂಪಣಿ ಎಷ್ಟು ಉದ್ದವೆಂದರೆ, ಒಂದು ತುದಿ ಹೆಣೆದು ಮುಗಿಸುವಾಗ ಇನ್ನೊಂದು ತುದಿ ಹಳತಾಗಿ ಹರಿದಿರುತ್ತಿತ್ತು. ಅದನ್ನು ಎಳೆಯುವುದಕ್ಕೆ ಒಂದು ಕಟ್ಟಳೆ ಇದೆ. ಎಳೆಯುವ ಹೊತ್ತಿಗೆ ದಡಕ್ಕೆ ಬಂದವರು ನೆಂಟರಾಗಲಿ, ಗುರುತಿಲ್ಲದವರಾಗಲಿ, ಹಗ್ಗಕ್ಕೆ ಕೈ ಹಾಕಬೇಕು. ಹಾಕಿದವರಿಗೆಲ್ಲ ಮೀನಿನ ಪಾಲು. ಆದರೆ ಒಮ್ಮೆ ಹಿಡಿದ ಮೇಲೆ, ಕೂಗು ಹಾಕುವವಳು "ಬಿಡಿ!" ಅನ್ನುವ ತನಕ ಬಿಡುವ ಹಾಗಿಲ್ಲ. ಬೆರಳು ಕಿತ್ತುಹೋದರೂ ಬಿಡುವ ಹಾಗಿಲ್ಲ. ಊರಿಗೆ ಕೂಗು ಹಾಕುವವಳು ಮಂಕಾಳಿ.

ಗುಡಿಸಲ ಹಿಂದೆ ಒಂದು ತೂತು ದೋಣಿ ಬಿದ್ದಿತ್ತು. ಹೊಸಬಿ ಒಂದು ಕೈಯಲ್ಲಿ ಹುಟ್ಟು ಹಾಕಿದಳು, ಇನ್ನೊಂದು ಕೈಯಲ್ಲಿ ಕರಟದಿಂದ ನೀರು ಮೊಗೆದಳು. ಹಿಂದೆ ಕೂತ ಹೆಂಗಸರು ಗುಡ್ಡದ ಸುತ್ತ ಬಲೆ ಬಿಡುತ್ತ ಬಂದರು. ಸುತ್ತು ಮುಗಿಯಿತು. ಹಗ್ಗದ ತುದಿ ಮಂಕಾಳಿಯ ಕೈ ಸೇರಿತು. ಹೆಂಗಸರೆಲ್ಲ ದಡದಲ್ಲಿ ಸಾಲಾಗಿ ನಿಂತು ಎಳೆದರು.

"ಐಲೇಸಾ!"

ಗುಡ್ಡ ಹೋಗುತ್ತಲೇ ಇತ್ತು.

"ಐಲೇಸಾ!"

ಗುಡ್ಡ ಇನ್ನೂ ಜೋರಾಗಿ ಹೋಯಿತು.

ಮರಳಿನ ಬಿಲದಿಂದ ಏಡಿಯೊಂದು ಕಣ್ಣು ಹೊರಗೆ ಹಾಕಿತು. ನಕ್ಕು ನಕ್ಕು ಅಡ್ಡಡ್ಡ ಬಿತ್ತು. ಅದು ಇವತ್ತಿಗೂ ನೆಟ್ಟಗಾಗಿಲ್ಲ.

"ಕೂತ ಚಾಪೆಯನ್ನು ಕೂತವರೇ ಎತ್ತುವುದು ನೋಡಿರಲಿಲ್ಲ, ಇವತ್ತು ನೋಡಿದೆ! ಗುಡ್ಡದ ಮೇಲೆ ನಿಂತು ಗುಡ್ಡ ಎಳೀತಾರಂತೆ! ಎಳೆಯುವವರು ಹೊರಗೆ ನಿಲ್ಲಬೇಕು, ದೊಡ್ಡಮ್ಮಾ!"

ಏಡಿ ಹೇಳಿದ್ದು ಸರಿ. ಮಂಕಾಳಿಗೆ ಅದು ಗೊತ್ತಾಯಿತು. ಆದರೆ ಹೊರಗೆ ಎಂದರೆ ನೀರು. ನೀರಿನಲ್ಲಿ ಯಾರು ನಿಲ್ಲುತ್ತಾರೆ? ಅವಳಿಗೆ ಬೇರೇನೂ ತೋಚಲಿಲ್ಲ. ಹಗ್ಗ ಹಿಡಿದುಕೊಂಡೇ ಕಡಲಿನ ಕಡೆ ತಿರುಗಿ ಕೂಗಿದಳು.

"ಐ...ಲೇ...ಸಾ!"

ಆ ಕೂಗಿಗೆ ನಡುಗಡಲಿನಲ್ಲಿ ಮಲಗಿದ್ದ ಅಲೆಗಳಲ್ಲಿ ಎಲ್ಲಕ್ಕಿಂತ ಮೇಲಿದ್ದವಳಿಗೆ ಎಚ್ಚರವಾಯಿತು. ಯಾರು ಕರೆದದ್ದು ಅಂತ ನೋಡಲು ಬಂದಳು. ಬಂದು ಮರಳು ಮುಟ್ಟಿದಳು. ಲೋಕದಲ್ಲಿ ಅಲೆ ದಡ ಮುಟ್ಟಿದ್ದು ಅದೇ ಮೊದಲು.

"ಅಯ್ಯೋ, ಬೆಚ್ಚಗಿದೆ!" ಅಂದಳು ಅಲೆ. "ಇದೆಂತದು? ನೀವೆಲ್ಲ ಯಾರು?"

ಮಂಕಾಳಿ ಅವಳ ಹೆಸರು ಕೇಳಲಿಲ್ಲ, ತನ್ನ ಹೆಸರು ಹೇಳಲೂ ಇಲ್ಲ. ನಮ್ಮಲ್ಲಿ ಬಂದವರ ಕೈಗೆ ಮೊದಲು ಹಗ್ಗ, ಆಮೇಲೆ ಮಾತು.

"ಹಿಡಿ ತಂಗೀ, ಎಳಿ!"

"ನನಗೆ ಕೈಯೇ ಇಲ್ಲ ಅಕ್ಕಾ."

"ಸೊಂಟಕ್ಕೆ ಸುತ್ತಿಕೋ. ಎಳೆದವರಿಗೆ ಪಾಲುಂಟು. ಆದರೆ ನಾನು ಬಿಡಿ ಅನ್ನುವ ತನಕ ಬಿಡಬಾರದು, ನೋಡು."

ಅಲೆ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ಸರಿದಳು. ಗುಡ್ಡ ಗಕ್ಕನೆ ಮುಗ್ಗರಿಸಿತು. ಆಮೇಲೆ ಬುಗುರಿಯ ಹಾಗೆ ಇನ್ನೊಂದು ಕಡೆಗೆ ತಿರುಗತೊಡಗಿತು.

"ತಂಗಿಯರೇ, ಬನ್ನಿರೇ! ಪಾಲುಂಟಂತೆ!" ಅಂತ ಅಲೆ ಕೂಗಿದಳು.

ಪಾಲು ಅಂದ ಕೂಡಲೇ ನಡುಗಡಲಿನ ಚಾಪೆಗಳೆಲ್ಲ ಎದ್ದವು. ಮೂಡಲಿಂದ ಬಂದವು, ಪಡುವಲಿಂದ ಬಂದವು, ಗುಡ್ಡದ ನಾಲ್ಕೂ ಕಡೆಯಿಂದ ಬಲೆಗೆ ಸೊಂಟ ಕೊಟ್ಟವು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಎಳೆದರು. ಎಲ್ಲ ಕಡೆಯಿಂದ ಎಳೆದರೆ ಗುಡ್ಡ ಯಾವ ಕಡೆಗೆ ಹೋಗಬೇಕು? ನಿಂತಿತು.

"ಆಚೆ ಏನಿದೆ?" ಅಂತ ನರಳಿತು ಗುಡ್ಡ.

"ಆಚೆಯೂ ನೀರೇ ಇರೂದು. ಸುಮ್ಮನಿರು," ಅಂದಳು ಮಂಕಾಳಿ. "ಹದ್ದಣ್ಣಾ, ಈಗ ಹೋಗು! 'ಇಲ್ಲಿ' ಅಂದರೆ ಇಲ್ಲೇ!"

ಹದ್ದು ಹೋಯಿತು. ಹೆಂಗಸರು ದಡದಲ್ಲಿ ಕೂರಲಿಲ್ಲ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆದೇ ನಡೆದರು. ಹೊಸಬಿ ನಡೆದ ಜಾಗದಲ್ಲಿ ಮೊಣಕಾಲುದ್ದ ತೋಡು ಬಿದ್ದಿತು. ಬಿಸಿಲು ನೆತ್ತಿಗೆ ಬಂತು. ಬಿಸಿಲು ಇಳಿಯಿತು. ಕಡೆಗೆ ಕಡಲಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕಿ. ಅದರ ಹಿಂದೆ ಇನ್ನೊಂದು. ಇನ್ನೊಂದು.

ಜಟ್ಟಪ್ಪ ಮರಳಿಗೆ ಕಾಲಿಟ್ಟಾಗ ಅವನ ತುಟಿ ಒಣಮೀನಿನ ಹಾಗೆ ಬಿರಿದಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಏನೇ, ಗುಡ್ಡ ಇವತ್ತು ಮನೆಯಲ್ಲೇ ಇತ್ತಾ?"

"ಗಂಟಲಿಗೆ ನೀರು ಬಿದ್ದ ಮೇಲೆ ಮಾತಾಡು," ಅಂತ ಮಂಕಾಳಿ ಒರತೆಯ ನೀರಿನ ಕೊಡವನ್ನೇ ಅವನ ಬಾಯಿಗೆ ಹಿಡಿದಳು. ಹೊಸಬಿ ಗಂಡನಿಗೆ ನೀರು ಕೊಟ್ಟಳೋ, ಸುಮ್ಮನೆ ಮುಖ ನೋಡಿದಳೋ, ನಮ್ಮ ಅಜ್ಜಿ ಅದನ್ನು ನನಗೆ ಹೇಳಲಿಲ್ಲ.

ಈ ಸಂಭ್ರಮದಲ್ಲಿ ಮಂಕಾಳಿ ಒಂದು ಮಾತು ಮರೆತೇಬಿಟ್ಟಳು.

"ಅಕ್ಕಾ," ಅಂತ ನೀರಿನಿಂದ ದನಿ ಬಂತು. "ಸೊಂಟ ನೋಯ್ತಿದೆ. ಬಿಡಲೇ?"

"ಅಯ್ಯೋ ನನ್ನ ಮರೆವೇ! ಬಿ..."

ಅಷ್ಟು ಬಾಯಿಂದ ಬಿದ್ದದ್ದೇ ಕಾಲ ಕೆಳಗೆ ನೆಲ ಜಾರಿತು. ದಡಕ್ಕೆ ಎಳೆದಿಟ್ಟ ದೋಣಿಗಳು ವಾಲಿದವು. "ಆಚೆ..." ಅಂತ ಗುಡ್ಡ ಬಾಯಿ ತೆರೆಯಿತು. ಮಂಕಾಳಿ ಉಳಿದ ಮಾತನ್ನು ಗುಟುಕ್ಕನೆ ನುಂಗಿದಳು.

ಅವಳು ಗಂಡನನ್ನು ನೋಡಿದಳು. ನಾಳೆ ಅವನು ಮತ್ತೆ ಹೋಗಬೇಕು. ಅಲೆಯನ್ನು ನೋಡಿದಳು. ಪಾಪ, ನೋಡಲು ಬಂದ ನೆಂಟಳು, ಮೈಯೆಲ್ಲ ನೊರೆ ಬಂದಿದೆ. ಬಲೆಯಲ್ಲಿ ಮೀನುಂಟು ಅಂತ ಸುಳ್ಳು ಹೇಳಿದರೆ ಕಟ್ಟಳೆ ಮುರಿದ ಹಾಗೆ. ಬಿಡಿ ಅಂದರೆ ಊರು ಹೋದ ಹಾಗೆ. ಮಂಕಾಳಿ ಸೀರೆ ಎತ್ತಿ ಕಟ್ಟಿ ಸೊಂಟಮಟ್ಟದ ನೀರಿಗಿಳಿದು ಅಲೆಯ ಪಕ್ಕದಲ್ಲಿ ನಿಂತಳು.

"ತಂಗೀ, ನಿನ್ನ ಹತ್ತಿರ ಮುಚ್ಚುಮರೆ ಬೇಡ. ಈ ಬಲೆಯಲ್ಲಿ ಬಿದ್ದಿರೂದು ಮೀನಲ್ಲ, ನಮ್ಮ ಊರು. ನೀನು ಬಿಟ್ಟರೆ ಊರು ಹೋಗ್ತದೆ. ಊರು ಹೋದರೆ ದೋಣಿಗಳು ಎಲ್ಲಿಗೆ ಬರಬೇಕು?"

ಅಲೆ ಹಗ್ಗವನ್ನು ಸೊಂಟಕ್ಕೆ ಬಿಗಿಮಾಡಿಕೊಂಡಳು. "ಹಾಗಾದರೆ ನಾನು ಬಿಡೂದು ಯಾವಾಗ?"

"ನಾಳೆಯಿಂದ ಹೊರಗೆ ಹೋಗುವ ದೋಣಿಗಳೆಲ್ಲ ಒಟ್ಟಿಗೆ ದಡದಲ್ಲಿ ಕೂತ ದಿನ ಆ ಮಾತು ಹೇಳ್ತೇನೆ. ಅಲ್ಲಿತನಕ ಪ್ರತಿ ಬಲೆಯ ಮೊದಲ ಮೀನು ನಿನ್ನದು."

"ಆಗಲಿ. ಆದರೆ ನಾನು ಆಗಾಗ ಬಂದು ದೋಣಿ ಬಂದವಾ ಅಂತ ನೋಡ್ತೇನೆ."

"ನೋಡು ಮಾರಾಯ್ತಿ. ನಿನ್ನದೇ ಮನೆ."

ಮರುದಿನ ಅಲೆ ಬಂದಳು, ನೋಡಿದಳು. ಮರಳಿನಲ್ಲಿ ಒಂದು ದೋಣಿಯ ಜಾಗ ಖಾಲಿ. ಹಿಂದೆ ಹೋಗಿ ಹಗ್ಗ ಎಳೆದಳು. ಮತ್ತೆ ಬಂದಳು. ಆ ದೋಣಿ ಬಂದಿದೆ, ಇನ್ನೊಂದು ಹೋಗಿದೆ. ಹಿಂದೆ ಹೋಗಿ ಎಳೆದಳು. ಮತ್ತೆ ಬಂದಳು. ಮೀನುಗಾರರ ದಡದಲ್ಲಿ ಎಲ್ಲ ದೋಣಿಯೂ ಒಟ್ಟಿಗೆ ಕೂತ ದಿನ ಯಾವುದು, ನೀವೇ ಹೇಳಿ? ಅವಳ ತಂಗಿಯರು, ಇಲ್ಲಿಯವರು ಎಲ್ಲಾದರೂ ಬೇರೆ ಕಡೆ ದೋಣಿ ಅಡಗಿಸಿಟ್ಟಿದ್ದಾರೋ ಏನೋ ಅಂತ, ಹಗ್ಗ ಸೊಂಟದಲ್ಲಿಟ್ಟುಕೊಂಡೇ ಲೋಕದ ದಡಗಳನ್ನೆಲ್ಲ ಹುಡುಕುತ್ತ ಹೋದರು. ನಿಮ್ಮ ಊರಿನ ದಡಕ್ಕೆ ಬರುವವರು ಅವರೇ.

ಹಾಗಾಗಿ ನೀವು ಚಿಪ್ಪಿಗುಡ್ಡ ನೋಡಲು ಬಂದರೆ ಎರಡು ಮಾತು ನೆನಪಿಡಿ. ನಮ್ಮವರು ಮೊದಲ ಬಂಗಡೆಯನ್ನು ನೀರಿಗೆ ಎಸೆದರೆ ನಗಬೇಡಿ. ಮತ್ತೆ, ನೀರಂಚಿನಲ್ಲಿ ನಿಂತು "ಬಿಡಿ" ಅನ್ನಬೇಡಿ. ನಮ್ಮಲ್ಲಿ ಬಲೆ ಎಳೆದಾದ ಮೇಲೆ "ಸಾಕು" ಅನ್ನುತ್ತೇವೆ. ನಾನು ಹರೆಯದಲ್ಲಿ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟೆ. ಗುಡ್ಡ ಹತ್ತು ಮಾರು ಓಡಿತು. ನಾನು ಬಂಡೆಗೆ ಕಾಲು ಕೊಟ್ಟು, ಒಂದೇ ಕೈಯಲ್ಲಿ ದಡದ ತೆಂಗಿನಮರ ಹಿಡಿದು, ಗುಡ್ಡವನ್ನು ಎಳೆದು ತಂದು ನಿಲ್ಲಿಸಿದೆ. ಆ ಮರ ಕಡಲಿನ ಕಡೆಗೆ ಇವತ್ತಿಗೂ ಬಾಗಿದೆ, ನೋಡಿ.

ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುತ್ತದಲ್ಲ ಬಿಳಿ ನೊರೆ, ಕಣ್ಣುಕಣ್ಣಾಗಿ, ಎಳೆಎಳೆಯಾಗಿ? ಅದು ಮಂಕಾಳಿಯ ಬಲೆ. ನೀರಿನಲ್ಲಿ ನಿಂತ ನಿಮ್ಮ ಹಿಮ್ಮಡಿಯ ಕೆಳಗಿಂದ ಮರಳು ಸರ್ರನೆ ಜಾರಿ ಎದೆ ಝಲ್ಲೆಂದರೆ ಹೆದರಬೇಡಿ ಮಕ್ಕಳೇ: ಯಾರದೋ ಅಪ್ಪನ ದೋಣಿ ಇನ್ನೂ ಬಂದಿಲ್ಲವೆಂದು ನೋಡಿಕೊಂಡು, ಅಲೆ ಮತ್ತೆ ಹಗ್ಗ ಎಳೆಯಲು ಹೊರಟಿದ್ದಾಳೆ.