ಕಂಬಕ್ಕೆ ಕಿವಿಯಿಟ್ಟ ಗುರು

ಉಸಿರಾಗಿ ಎಲ್ಲರೊಳಗೂ ಸುಳಿಯುವ ಮಾರುತಿಗೆ ಶರಣು. ಏರಿಸುವವನು ಅವನು, ಇಳಿಯುವವರಿಗೆ ನೆಲವಾಗುವವನೂ ಅವನೇ.

ಹೊಳೆದಂಡೆಯ ಒಂದು ಮಠದಲ್ಲಿ ಸಂಗಯ್ಯಜ್ಜ ಎಂಬ ಗುರುಗಳು ಮಕ್ಕಳಿಗೆ ಎಣ್ಣೆ ಹಚ್ಚಿದ ಮರದ ಕಂಬವೇರಿ ಆಡುವ ಮಲ್ಲಕಂಬ ಕಲಿಸುತ್ತಿದ್ದರು. ದಿನಾ ಬೆಳಿಗ್ಗೆ, ಯಾರೂ ಹತ್ತುವ ಮುಂಚೆ, ಕಂಬಕ್ಕೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಬಡಿದು ನೋಡುವರು. ಒಳಗೆ ಸೀಳಿದ್ದರೆ ಸದ್ದೇ ಬೇರೆ.

ದಾಕ್ಷಾಯಿಣಿ ಅವರ ಶಿಷ್ಯೆ. ಒಂಬತ್ತು ವರ್ಷದವಳಿದ್ದಾಗ ಬಂದವಳು, ಹತ್ತೊಂಬತ್ತು ತುಂಬುವಷ್ಟರಲ್ಲಿ ಆರು ಸಲ ಪಂದ್ಯದಲ್ಲಿ ದೇಶಕ್ಕೇ ಮೊದಲನೆಯವಳಾಗಿದ್ದಳು. ಏಳನೆಯ ಪಂದ್ಯಕ್ಕೆ ಎಂಟು ದಿನ ಉಳಿದಿತ್ತು. ಒಂದು ತಿಂಗಳಿಂದ ಬೆನ್ನು ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಅಂದು ಬೆಳಿಗ್ಗೆ ಗುರುಗಳು ಕಂಬಕ್ಕೆ ಕಿವಿಯಿಟ್ಟಿದ್ದಾಗ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು.

"ಅಜ್ಜಾರ, ಒಂದು ಮಾತು."

"ಸುಮ್ನಿರು ತಂಗಿ. ಕೇಳಾಕತ್ತೀನಿ."

ಅವಳು ಸೊಂಟದಿಂದ ಕೈ ತೆಗೆದಳು.

"ಗಟ್ಟಿ ಐತಿ," ಎಂದರು ಗುರುಗಳು. "ಹತ್ತು."

ಅವಳು ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹತ್ತಿದಳು. ತುದಿಯಲ್ಲಿ ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಕಾಲಿನ ಹಿಡಿತ ತಪ್ಪಿತು.

ನಾಲ್ಕು ತಿಂಗಳ ಮೇಲೆ ಕೋಲೂರಿಕೊಂಡು ಮಠಕ್ಕೆ ಬಂದಳು. ಇನ್ನೊಮ್ಮೆ ಬಿದ್ದರೆ ನಡೆಯಲಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಬಾ ತಂಗಿ. ಊಟ ಆತೇನು?"

"ಊಟಕ್ಕ ಬಂದಿಲ್ರಿ. ಹತ್ತಾಕ ಬಂದೀನಿ."

"ಕೋಲು ಹಿಡಕೊಂಡೇ ಹತ್ತತೀಯೇನು?"

"ನಗಬ್ಯಾಡ್ರಿ ಅಜ್ಜಾರ. ಕಂಬ ಬಿಟ್ರ ನನಗ ಬ್ಯಾರೆ ಏನು ಗೊತ್ತೈತಿ? ಒಂದು ರೊಟ್ಟಿ ತಟ್ಟಾಕೂ ಬರಂಗಿಲ್ಲ."

ಗುರುಗಳು ನಕ್ಕಿರಲಿಲ್ಲ.

"ಹತ್ತಸ್ರಿ. ಒಂದ ಸಲ."

"ಇಲ್ಲ ತಂಗಿ."

ಅವಳು ತಲೆಯೆತ್ತಿ ಕಂಬವನ್ನು ನೋಡಿದಳು. ಅದರ ತುದಿಯಲ್ಲಿ ಈಗ ಒಂದು ಗುಬ್ಬಿ ಕುಳಿತಿತ್ತು.

"ಹೋಗ್ಲಿ, ಇದನ್ನಾರ ಹೇಳ್ರಿ. ಅವತ್ತು ತಪ್ಪು ಎಲ್ಲಿತ್ತು? ಎಣ್ಣಿ ಹೆಚ್ಚಾಗಿತ್ತೋ, ಕಂಬ ಸೀಳಿತ್ತೋ?"

ಗುರುಗಳು ಎದ್ದು ಹೋಗಿ ಕಂಬ ಬಡಿದರು. ಸದ್ದು ಎಂದಿನಂತೆ ಗಟ್ಟಿಯಾಗಿಯೇ ಬಂತು.

"ಸೀಳಿಲ್ಲ. ಎಣ್ಣಿನೂ ಹದಾನ ಇತ್ತು."

"ಮತ್ತ?"

ಗುರುಗಳು ಕಂಬಕ್ಕೆ ಬೆನ್ನು ಮಾಡಿ, ಅವಳ ಕಾಲ ಬಳಿ ಮಣ್ಣಿನಲ್ಲಿ ಕುಳಿತರು.

"ಅವತ್ತು ಒಂದು ಮಾತು ಅಂದಿದ್ದಿ, ತಂಗಿ. ಈಗ ಹೇಳು. ಕೇಳಾಕತ್ತೀನಿ."

ಇದನ್ನು ಕೇಳಿದವರೆಲ್ಲರ ಬೆನ್ನಿಗೂ ಮಾರುತಿ ಇರಲಿ.