ಲೆಕ್ಕ ಹುಟ್ಟಿಸೋ ಫೋನು, ಹಾಲೇಶಿಯ ಓದು

ನಗೋದಾದ್ರೆ ನಕ್ಕುಬಿಡಿ, ಆದ್ರೆ ಹಾಲೇಶಿಯ ಎದುರಿಗೆ ಮಾತ್ರ ನಗಬೇಡಿ. ಪಾಪ, ಮನಸ್ಸಿಗೆ ಹಚ್ಚಿಕೊಳ್ತಾನೆ. ರೊಟ್ಟಿ ತಟ್ಟಿ ಮಾರೋ ಸಾಕವ್ವನಿಗೆ ಒಬ್ಬನೇ ಮಗ ಅವನು. ಎಂಜಿನಿಯರಿಂಗ್ ಡಿಪ್ಲೊಮಾ ಓದ್ತಿದ್ದ. ನೀರು ಹರಿಯೋ ಲೆಕ್ಕದ ಪೇಪರಲ್ಲಿ ಮಾತ್ರ ಪ್ರತಿ ಸಲ ಫೇಲು! "ಇವನ ತಲೆಗೆ ಹೆಂಗೆ ತುಂಬಲಪ್ಪಾ ದೇವ್ರೇ!" ಅಂತ ಸಾಕವ್ವ ಹಣೆ ಚಚ್ಚಿಕೊಳ್ಳೋಳು.

ಕಾಲೇಜಿನ ಪ್ರಮೀಳಾ ಮೇಡಂ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ರು. "ಇದು ತಾನೇ ಲೆಕ್ಕ ಹುಟ್ಟಿಸುತ್ತೆ ಕಣಪ್ಪಾ. ಒಂದು ಮಾಡಿದ್ರೆ ಇನ್ನೊಂದು ಕೊಡುತ್ತೆ. ಮನೇಲಿ ಕೂತು ನೀನೇ ಕಲಿ."

ಕೂತ. ಫೋನು ಕೇಳ್ತು: "ಡ್ರಮ್ಮಿನ ತಳದಲ್ಲಿ ತೂತಿದೆ. ನೀರು ಖಾಲಿಯಾಗಲು ಎಷ್ಟು ಹೊತ್ತು ಬೇಕು?" ಮನೆ ಡ್ರಮ್ ನೋಡಿದ. ತೂತೇ ಇಲ್ಲ! ಮೊಳೆ ತಗೊಂಡ, ಸುತ್ತಿಗೆ ತಗೊಂಡ, ಹೊಡೆದೇಬಿಟ್ಟ.

"ಅಯ್ಯೋ ನನ್ನ ಕಂದಾ! ಮನೆಯೆಲ್ಲಾ ಕೆರೆ ಮಾಡಿದ್ಯಲ್ಲೋ! ಇಂಥದ್ದನ್ನೆಲ್ಲ ಮಾಡಬಾರ್ದು ಕಣೋ, ಸುಮ್ನೆ ಅಂದ್ಕೋಬೇಕು!"

"ಆಗ್ಲವ್ವಾ, ಇನ್ಮೇಲೆ ಅಂದ್ಕೋತೀನಿ."

ನೆಲ ಒರೆಸಿ, ಒಲೆ ಮೇಲೆ ಹಾಲಿಟ್ಟು, "ಕಾದ ತಕ್ಷಣ ಇಳಿಸು ಮಗಾ" ಅಂತ ಹೇಳಿ ಸಾಕವ್ವ ನೀರಿಗೆ ಹೋದ್ಳು. ಬಂದು ನೋಡಿದ್ರೆ ಹಾಲೆಲ್ಲ ಉಕ್ಕಿ ಒಲೆ ಪಾಲು!

"ಇಳಿಸ್ಲಿಲ್ವೇನೋ?"

"ಇಳಿಸ್ದೆ ಅಂದ್ಕೊಂಡೆ ಅವ್ವಾ!"

"ಅಂದ್ಕೊಂಡ್ರೆ ಆಯ್ತೇನೋ ಪೆದ್ದಪ್ಪಾ! ಹಿಡಿದ ಕೆಲ್ಸ ಮುಗಿಸ್ದೆ ಏಳಬಾರ್ದು!"

"ಆಗ್ಲವ್ವಾ, ಏಳೋದಿಲ್ಲ."

ಮಾರನೇ ಬೆಳಿಗ್ಗೆ ಫೋನಿನ ಲೆಕ್ಕ ಹಿಡ್ಕೊಂಡು ಕೂತ. ಒಂದು ಮಾಡಿದ, ಇನ್ನೊಂದು ಹುಟ್ಟಿತು. ಅದನ್ನೂ ಮಾಡಿದ, ಮತ್ತೊಂದು ಹುಟ್ಟಿತು. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯೋ ವೇಳೆಗೆ ಕಣ್ತುಂಬ ನೀರು. "ಮುಗೀತಾನೇ ಇಲ್ಲ ಅವ್ವಾ! ಕಾಲು ಜೋಮು ಹಿಡೀತು!"

ಸಾಕವ್ವ ಬೈಯೋಕೆ ಬಂದೋಳು ಬೈಯಲಿಲ್ಲ. ಪಕ್ಕದಲ್ಲಿ ಕೂತು ತುತ್ತು ಮಾಡಿ ತಿನ್ನಿಸಿದ್ಳು, ಕಾಲು ಉಜ್ಜಿದ್ಳು, ಕೈ ಹಿಡಿದು ಮೇಡಂ ಮನೆಗೆ ಕರ್ಕೊಂಡು ಹೋದ್ಳು.

ಮೇಡಂ ಒಂದು ಲೆಕ್ಕ ಕೊಟ್ರು. ಸರಸರ ಬಿಡಿಸಿದ! ಇನ್ನೊಂದು ಕೊಟ್ರು. ಅದೂ ಸರಿ! "ಸಾಕವ್ವಾ, ನಿನ್ನ ಮಗ ಕಲಿತುಬಿಟ್ಟಿದ್ದಾನಲ್ಲೇ!" ಸಾಕವ್ವ ಸೆರಗಲ್ಲಿ ಕಣ್ಣೊರೆಸಿಕೊಂಡ್ಳು. "ಫೋನಿಲ್ದಿದ್ರೂ ಪರವಾಗಿಲ್ಲ ಹಾಲೇಶಿ," ಅಂದ್ರು ಮೇಡಂ, "ಒಂದು ಲೆಕ್ಕ ಮಾಡಿದ ಮೇಲೆ ಅಂಕಿ ಬದಲಾಯಿಸು, ಮತ್ತೆ ಮಾಡು."

"ಆಗ್ಲಿ ಮೇಡಂ."

ಪರೀಕ್ಷೆ ದಿನ ಸಾಕವ್ವ ಬುತ್ತಿ ಕಟ್ಕೊಂಡು ಗೇಟಿನ ಹತ್ರ ಕಾದ್ಳು. ಹಾಲೇಶಿ ನಗ್ತಾ ಬಂದ.

"ಎಷ್ಟು ಪ್ರಶ್ನೆ ಬರೆದ್ಯೋ?"

"ಒಂದು! ಅಂಕಿ ಬದಲಾಯಿಸಿ ಬದಲಾಯಿಸಿ ಅದನ್ನೇ ಮಾಡ್ದೆ. ಹಾಳೆಯೆಲ್ಲಾ ತುಂಬಿಹೋಯ್ತು! ಎಲ್ಲಾ ಸರಿ ಅವ್ವಾ!"

ಸಾಕವ್ವನಿಗೆ ಅಳೋದೋ ನಗೋದೋ ತಿಳೀಲಿಲ್ಲ. ಅವನ ಶಾಯಿ ಬೆರಳನ್ನ ಸೆರಗಲ್ಲಿ ಒರೆಸಿ, ರೊಟ್ಟಿ ಮುಂದಿಟ್ಳು. "ಹೋಗ್ಲಿ ಬಿಡು ಮಗಾ. ಕಲಿತಿದ್ದೆಲ್ಲಿ ಹೋಗುತ್ತೆ? ಇನ್ನೊಂದು ಪರೀಕ್ಷೆ ಬಂದೇ ಬರುತ್ತೆ. ಆದ್ರೆ ಪ್ರಶ್ನೆಪತ್ರಿಕೇನ ಪೂರ್ತಿ ಮುಗಿಸ್ಬೇಕು ಕಣೋ!"

"ಆಗ್ಲವ್ವಾ!"

ಚಟ್ನಿ ಬಡಿಸೋಕೆ ಸಾಕವ್ವ ಅತ್ತ ತಿರುಗಿ ಇತ್ತ ತಿರುಗೋದರೊಳಗೆ, ಹಾಲೇಶಿ ಪ್ರಶ್ನೆಪತ್ರಿಕೇನ ರೊಟ್ಟಿಯೊಳಗೆ ಸುತ್ತಿ ಅರ್ಧ ಅಗಿದುಬಿಟ್ಟಿದ್ದ.

"ಬೇಗ ಹಾಕವ್ವಾ ಚಟ್ನಿ! ಪೂರ್ತಿ ಮುಗಿಸ್ತೀನಿ, ಚಟ್ನಿ ಇಲ್ದೆ ಗಂಟಲಲ್ಲಿ ಇಳೀತಿಲ್ಲ!"